ಕಿವಿ ಕೇಳದ ಮಗಳು ಟೀಚರ್ ಆಗಬಹುದೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಿವುಡು ಮತ್ತು ವಿಶೇಷ ಶಿಕ್ಷಣದ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿದ್ದೇವೆ. ವಿಶೇಷ ಶಿಕ್ಷಣ ಮತ್ತು ಶ್ರವಣ ಪರೀಕ್ಷೆಯ ಕ್ಷೇತ್ರದಲ್ಲಿ ಕೆಲಸ ಮಾಡುವವರು ಉತ್ತರಿಸಿದ್ದಾರೆ.

ನಮ್ಮ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಈಗ ದ್ವಿತೀಯ ಪಿಯುಸಿ. ಸನ್ನೆ ಭಾಷೆ ಚೆನ್ನಾಗಿ ಬರುತ್ತದೆ, ಬಾಯಿ ಮಾತು ಅಷ್ಟಕ್ಕಷ್ಟೆ. ತನ್ನಂಥ ಮಕ್ಕಳಿಗೇ ಪಾಠ ಹೇಳಿಕೊಡುವ ಟೀಚರ್ ಆಗಬೇಕೆಂದು ಹಟ ಹಿಡಿದಿದ್ದಾಳೆ. ನೆಂಟರು ‘ಕಿವಿನೇ ಕೇಳ್ದೋಳು ಏನ್ ಪಾಠ ಮಾಡಾಳು’ ಅಂತಾರೆ. ಯಾವ ಕೋರ್ಸಿಗೆ ಸೇರಿಸಬೇಕು?
— ಒಬ್ಬ ತಾಯಿ, ಮಳವಳ್ಳಿ

ನಿಮ್ಮ ಮಗಳು ಖಂಡಿತ ಟೀಚರ್ ಆಗಬಹುದು ತಾಯಿ. ಕಿವುಡ ಮಕ್ಕಳಿಗೆ ಕಿವುಡರೇ ಪಾಠ ಹೇಳುವುದು ಹೊಸದಲ್ಲ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1817ರಲ್ಲಿ ಶುರುವಾದ ಕಿವುಡರ ಶಾಲೆಗೆ ಫ್ರಾನ್ಸಿನಿಂದ ಬಂದ ಮೊದಲ ಶಿಕ್ಷಕ ಲೊರಾಂ ಕ್ಲೆರ್ಕ್ ಸ್ವತಃ ಕಿವುಡರು. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 17, ಸನ್ನೆ ಭಾಷೆ ಬಲ್ಲ ವಿಕಲಚೇತನ ಶಿಕ್ಷಕರನ್ನೂ ಸೇರಿಸಿಕೊಂಡೇ ಶಿಕ್ಷಕರಿಗೆ ತರಬೇತಿ ಕೊಟ್ಟು ನೇಮಿಸಿಕೊಳ್ಳಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ನೆಂಟರಿಗೆ ಇಷ್ಟು ಸಾಕು.

ಈಗ ಕೋರ್ಸಿನ ವಿಷಯ. ನಿಮ್ಮ ಮಗಳ ಮುಂದೆ ಮೂರು ದಾರಿಗಳಿವೆ, ಮೂರೂ ಬೇರೆ ಬೇರೆ ಕೆಲಸಕ್ಕೆ ಒಯ್ಯುತ್ತವೆ. ಇದನ್ನು ತಿಳಿಯದೆ ಸೇರಿ ಎರಡು ವರ್ಷ ಕಳೆದುಕೊಂಡವರು ಬಹಳ.

ಮೊದಲನೆಯದು, ಪಿಯುಸಿ ಮುಗಿದ ಕೂಡಲೇ ಮಾಡಬಹುದಾದ ಶ್ರವಣದೋಷ ವಿಭಾಗದ ವಿಶೇಷ ಡಿ.ಎಡ್. ಎರಡು ವರ್ಷದ ಕೋರ್ಸು. ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ, ಸಾಮಾನ್ಯವಾಗಿ ಶೇ 50 ಅಂಕ ಬೇಕು, ವಿಕಲಚೇತನರಿಗೆ ಶೇ 5ರಷ್ಟು ಸಡಿಲಿಕೆ ಇರುತ್ತದೆ. ಇದು ಚಿಕ್ಕ ತರಗತಿಗಳ ಮಕ್ಕಳಿಗೆ ಕಲಿಸುವ ಅರ್ಹತೆ. ಎರಡನೆಯದು, ಪದವಿ ಮುಗಿಸಿ ವಿಶೇಷ ಬಿ.ಎಡ್. ಮಾಡುವುದು. ಹೈಸ್ಕೂಲು ಮಟ್ಟದಲ್ಲಿ ಕಲಿಸಬೇಕೆಂದರೆ ಇದೇ ದಾರಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ಊರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುವ ಸಂಸ್ಥೆ, ಶ್ರವಣದೋಷ ವಿಭಾಗದಲ್ಲಿ ಈ ಶಿಕ್ಷಣ ಕೊಡುತ್ತ ಬಂದಿದೆ. ಮೂರನೆಯದು, ಭಾರತೀಯ ಸನ್ನೆ ಭಾಷೆಯನ್ನು ಕಲಿಸುವವರ ಡಿಪ್ಲೊಮಾ. ಇದು ಕಿವುಡರಿಗೆಂದೇ ಇರುವ ಕೋರ್ಸು, ಪಿಯುಸಿ ಸಾಕು. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸೇರಿದಂತೆ ದೇಶದ ಕೆಲವೇ ಕಡೆ ನಡೆಯುತ್ತದೆ.

ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲಿ. ಅದನ್ನು ಮುಗಿಸಿದವರು ಸನ್ನೆ ಭಾಷೆ ಕಲಿಸುವವರಾಗುತ್ತಾರೆ. ಗಣಿತ, ಪರಿಸರ, ಕನ್ನಡ ಕಲಿಸುವ ತರಗತಿ ಶಿಕ್ಷಕಿಯ ಹುದ್ದೆಗೆ ಅದೊಂದೇ ಸಾಲದು. ಮಗಳಿಗೆ ತರಗತಿ ಶಿಕ್ಷಕಿಯೇ ಆಗಬೇಕೆಂದಿದ್ದರೆ ಡಿ.ಎಡ್. ಅಥವಾ ಪದವಿ ಜೊತೆಗೆ ಬಿ.ಎಡ್. ಇರಲೇಬೇಕು. ನಮ್ಮನ್ನು ಕೇಳಿದರೆ, ಓದು ಕೈಹಿಡಿಯುವ ಹುಡುಗಿಯಾದರೆ ಪದವಿ ಮಾಡಿಸಿ. ಮನೆಯ ಪರಿಸ್ಥಿತಿ ಬಿಗಿಯಿದ್ದು ಬೇಗ ಕೆಲಸ ಬೇಕೆಂದರೆ ಡಿ.ಎಡ್. ಮಾಡಿಸಿ. ಕೆಲಸದಲ್ಲಿದ್ದುಕೊಂಡೇ ಆಮೇಲೆ ಪದವಿ ಮಾಡಿಕೊಳ್ಳಬಹುದು.

ಸೇರುವ ಮುಂಚೆ ಒಂದು ವಿಷಯ ಕಡ್ಡಾಯವಾಗಿ ನೋಡಿ. ಆ ಕಾಲೇಜಿಗೆ, ಆ ಕೋರ್ಸಿಗೆ, ನೀವು ಸೇರುವ ಆ ವರ್ಷಕ್ಕೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ ಮಾನ್ಯತೆ ಇದೆಯೇ? ಮಂಡಳಿಯ ವೆಬ್‌ಸೈಟಿನಲ್ಲಿ ಪಟ್ಟಿ ಸಿಗುತ್ತದೆ. ಹೋದ ವರ್ಷ ಇತ್ತು ಅನ್ನುವ ಮಾತು ನಂಬಬೇಡಿ. ಕೋರ್ಸುಗಳ ಅವಧಿ, ಸ್ವರೂಪ ಕೂಡ ಬದಲಾಗುತ್ತಿರುತ್ತದೆ. ದೂರಶಿಕ್ಷಣದ ಕೋರ್ಸಿಗೂ ಇದೇ ನಿಯಮ. ಮಾನ್ಯತೆ ಇಲ್ಲದ ಕಡೆ ಓದಿದರೆ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಾಗುವುದಿಲ್ಲ. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ 1992ರ ಪುನರ್ವಸತಿ ಮಂಡಳಿ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿದೆ, ವಯೋಮಿತಿಯಲ್ಲಿ ಐದು ವರ್ಷ ರಿಯಾಯಿತಿಯೂ ಇದೆ. ಅರ್ಜಿಯಲ್ಲಿ ಆ ಕಾಲಂ ತುಂಬುವುದನ್ನು ಮರೆಯಬೇಡಿ.

ತಮ್ಮನಿಗೆ ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ, ಇನ್ನೊಂದು ಅರ್ಧ ಕೇಳುತ್ತದೆ. ಪ್ರಮಾಣಪತ್ರದಲ್ಲಿ ಶೇಕಡಾವಾರು ಹೇಗೆ ಬರೆಯುತ್ತಾರೆ? ಶೇ 40 ಇಲ್ಲದಿದ್ದರೆ ಏನೂ ಸಿಗಲ್ಲವಂತೆ.
— ಓದುಗರು, ಪಾಂಡವಪುರ

ಮೀಸಲಾತಿಗೆ ಶೇ 40 ಬೇಕು ನಿಜ. 500, 1000, 2000, 4000 ಹರ್ಟ್ಸ್‌ಗಳಲ್ಲಿ ಎಷ್ಟು ಸದ್ದಿಗೆ ಕೇಳಿಸಲು ಶುರುವಾಗುತ್ತದೆಂದು ಒಂದೊಂದು ಕಿವಿಗೂ ಬೇರೆಯಾಗಿ ಅಳೆದು, ಅದರ ಮೇಲೆ ಆ ಕಿವಿಯ ದೋಷ ಶೇಕಡಾ ಎಷ್ಟೆಂದು ಹಾಕುತ್ತಾರೆ. ಆಮೇಲೆ ವಾಸಿಯಿರುವ ಕಿವಿಯ ಅಂಕಿಯನ್ನು 5ರಿಂದ ಗುಣಿಸಿ, ಕೆಟ್ಟಿರುವ ಕಿವಿಯ ಅಂಕಿ ಕೂಡಿಸಿ, 6ರಿಂದ ಭಾಗಿಸುತ್ತಾರೆ. ವಾಸಿ ಕಿವಿ 40, ಇನ್ನೊಂದು 100 ಆದರೆ 200ಕ್ಕೆ 100 ಸೇರಿ 300, ಆರರಿಂದ ಭಾಗಿಸಿದರೆ ಶೇ 50. ಒಂದು ಕಿವಿ ಪೂರಾ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇ 17ರ ಆಸುಪಾಸಿಗೇ ನಿಲ್ಲುವುದು ಇದರಿಂದಲೇ.

ಪರೀಕ್ಷೆಗೆ ಹೋಗುವ ಮುಂಚೆ ಕಿವಿಯ ಗುಗ್ಗೆ ತೆಗೆಸಿ. ನೆಗಡಿ ಇದ್ದಾಗ, ಕಿವಿ ಸೋರುತ್ತಿದ್ದಾಗ ಹೋಗಬೇಡಿ. ಅಂಕಿ ತಪ್ಪಾಗುತ್ತದೆ, ‘ತಾತ್ಕಾಲಿಕ’ ಎಂದು ಬರೆದು ಮತ್ತೆ ಬರಹೇಳುವ ಸಾಧ್ಯತೆಯೂ ಇದೆ. ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕುವಾಗ ಹೆಸರು, ಇನಿಷಿಯಲ್, ಹುಟ್ಟಿದ ದಿನ ಮೂರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ದಾಖಲೆ ಪರಿಶೀಲನೆಯಲ್ಲಿ ಅರ್ಜಿ ಸಿಕ್ಕಿಕೊಳ್ಳುವುದು ಇನಿಷಿಯಲ್ ಹಿಂದು ಮುಂದಾದಾಗ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು, ಅರ್ಜಿಗೆ ಸಹಾಯ ಮಾಡುತ್ತಾರೆ.

ನಾನು ಕಿವುಡ. ಬಿ.ಎ. ಎರಡನೇ ವರ್ಷ. ಸನ್ನೆ ಭಾಷೆಯಲ್ಲಿ ಎಲ್ಲ ಹೇಳುತ್ತೇನೆ. ಕನ್ನಡ ಬರೆದರೆ ತಪ್ಪು ಬರುತ್ತದೆ, ಲೆಕ್ಚರರ್ ‘ವಾಕ್ಯ ಸರಿ ಇಲ್ಲ’ ಬರೆಯುತ್ತಾರೆ. ಎಲ್ಲಿ ತಪ್ಪು ಹೇಳುವುದಿಲ್ಲ. ಮುಂದೆ ಬಿ.ಎಡ್. ಆಸೆ. ಹೇಗೆ ಸರಿ ಮಾಡುವುದು?
— ವಿದ್ಯಾರ್ಥಿ, ಮೈಸೂರು

ಈ ಸಲ ಬಂದ ಪತ್ರಗಳಲ್ಲಿ ಇದು ಮುಖ್ಯವಾದದ್ದು. ಕಿವುಡ ಅಭ್ಯರ್ಥಿ ಶಿಕ್ಷಕನಾಗುತ್ತಾನೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಬರೆಯುವ ಕನ್ನಡ, ಕಿವಿಯಲ್ಲ. ಸರ್ಕಾರಿ ಶಾಲೆಗಳಲ್ಲಿ 8ನೇ ತರಗತಿವರೆಗಿನ ನೇಮಕಾತಿಗೆ ಬೇಕಾದ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೇ ನೋಡಿ. 150 ಅಂಕಗಳಲ್ಲಿ 30 ಮೊದಲ ಭಾಷೆಗೆ, 30 ಎರಡನೇ ಭಾಷೆಗೆ. ತೇರ್ಗಡೆಗೆ ಸಾಮಾನ್ಯ ಅಭ್ಯರ್ಥಿಗಳಿಗೆ ಶೇ 60, ವಿಕಲಚೇತನರಿಗೆ ಶೇ 55 ಬೇಕು. ಶಾಲೆಯಲ್ಲಿ ಭಾಷೆಗಳ ವಿನಾಯಿತಿ ಪಡೆದು ಒಂದೇ ಭಾಷೆ ಓದಿದವರಿಗೆ ಆಗ ಅನುಕೂಲವಾಗಿದ್ದದ್ದು ಇಲ್ಲಿ ತಿರುಗಿ ಬೀಳುತ್ತದೆ.

ತಪ್ಪು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ತಿದ್ದುವುದು ಸುಲಭ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. ಕಾಲ ಸೂಚಿಸುವ ಸನ್ನೆ ಮೊದಲು, ಪ್ರಶ್ನೆಯ ಸನ್ನೆ ಮತ್ತು ‘ಇಲ್ಲ’ ಎಂಬುದು ಕೊನೆಗೆ. ಯಾರು ಯಾರಿಗೆ ಕೊಟ್ಟರು ಎಂಬುದು ಕೈ ಚಲಿಸುವ ದಿಕ್ಕಿನಲ್ಲೇ ತಿಳಿಯುತ್ತದೆ, ಅದಕ್ಕೆ ಪ್ರತ್ಯಯ ಬೇಕಿಲ್ಲ. ಕನ್ನಡದಲ್ಲಿ ಅದೇ ಕೆಲಸವನ್ನು ‘ಗೆ’, ‘ಅನ್ನು’, ‘ಇಂದ’, ‘ಅಲ್ಲಿ’ ಮಾಡುತ್ತವೆ. ಇವು ಪದದ ಬಾಲದಲ್ಲಿ ಮೆತ್ತಗೆ ಬರುವ ಸದ್ದುಗಳು. ತುಟಿ ನೋಡಿ ಹಿಡಿಯಲು ಸಿಗುವುದಿಲ್ಲ. ಕೇಳುವ ಮಗು ಇವನ್ನು ದಿನವಿಡೀ ಕಿವಿಯಲ್ಲಿ ತುಂಬಿಕೊಳ್ಳುತ್ತದೆ, ನಿಮಗೆ ಆ ಅವಕಾಶ ಸಿಗಲಿಲ್ಲ. ಆದ್ದರಿಂದಲೇ ‘ನಾನು ಶಾಲೆ ಹೋದೆ’, ‘ಅಕ್ಕ ಪುಸ್ತಕ ಕೊಟ್ಟನು’ ಎಂದು ಬರುತ್ತದೆ. ಇದು ದಡ್ಡತನವಲ್ಲ. ಕಣ್ಣಿನಿಂದಲೇ ಕಲಿಯಬೇಕಾದ್ದನ್ನು ಕಣ್ಣಿಗೆ ಸಾಕಷ್ಟು ತೋರಿಸಿಲ್ಲ, ಅಷ್ಟೆ.

ಹೀಗೆ ಮಾಡಿ. ಒಂದು ವಾರಕ್ಕೆ ಒಂದೇ ಪ್ರತ್ಯಯ ಹಿಡಿಯಿರಿ. ಮೊದಲು ‘ಗೆ’. ಇಂಥ ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿ:

ಮರ – ಮರಕ್ಕೆ, ಮಂಡ್ಯ – ಮಂಡ್ಯಕ್ಕೆ
ಊರು – ಊರಿಗೆ, ಮೈಸೂರು – ಮೈಸೂರಿಗೆ
ಶಾಲೆ – ಶಾಲೆಗೆ, ಮನೆ – ಮನೆಗೆ
ಅಣ್ಣ – ಅಣ್ಣನಿಗೆ, ಅಕ್ಕ – ಅಕ್ಕನಿಗೆ

‘ಅ’ ಎಂದು ಮುಗಿಯುವ ವಸ್ತು, ಊರುಗಳಿಗೆ ‘ಕ್ಕೆ’, ‘ಉ’ ಎಂದು ಮುಗಿದರೆ ‘ಇಗೆ’, ‘ಎ’ ಎಂದು ಮುಗಿದರೆ ‘ಗೆ’, ‘ಅ’ ಎಂದು ಮುಗಿಯುವ ಮನುಷ್ಯರಿಗೆ ‘ನಿಗೆ’. ಹೆಚ್ಚಿನ ಪದಗಳು ಇದರಲ್ಲೇ ಬರುತ್ತವೆ. ದಿನಕ್ಕೆ ಐದು ವಾಕ್ಯ ಸಾಕು, ಆದರೆ ಪುಸ್ತಕದಿಂದ ನಕಲು ಮಾಡಬಾರದು, ಅವತ್ತು ನಡೆದದ್ದೇ ಆಗಬೇಕು. ಪ್ರತ್ಯಯವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ತಿದ್ದುವವರಿಗೆ, ಸ್ನೇಹಿತರಾಗಲಿ ಮನೆಯವರಾಗಲಿ, ಒಂದು ಷರತ್ತು ಹಾಕಿ: ಗೆರೆ ಎಳೆದು ಬಿಡಬಾರದು, ತಪ್ಪು ವಾಕ್ಯದ ಕೆಳಗೆ ಪೂರ್ತಿ ಸರಿ ವಾಕ್ಯ ಬರೆದು ಕೊಡಬೇಕು. ‘ವಾಕ್ಯ ಸರಿ ಇಲ್ಲ’ ಎಂಬ ಷರಾದಿಂದ ಯಾರೂ ಏನೂ ಕಲಿಯಲಾರರು. ನಿಮ್ಮ ಲೆಕ್ಚರರ್ ಅವರಿಗೂ ಈ ಮಾತನ್ನು ಚೀಟಿಯಲ್ಲಿ ಬರೆದು ತೋರಿಸಿ.

ಪ್ರತ್ಯಯ ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಕಡೆ ಗಮನ ಬೇಕು. ‘ಮಳೆ ಬಂದರೆ ಬರುತ್ತೇನೆ’, ‘ಮಳೆ ಬಂದರೂ ಬರುತ್ತೇನೆ’. ಕೊನೆಯ ಸ್ವರ ಬದಲಾದರೆ ಅರ್ಥವೇ ಬೇರೆ. ‘ಕೆಳಗಿನವುಗಳಲ್ಲಿ ಸರಿಯಾದುದು ಯಾವುದು’ ಮತ್ತು ‘ಸರಿಯಲ್ಲದುದು ಯಾವುದು’ ಕೂಡ ಹಾಗೆಯೇ. ವಿಷಯ ಚೆನ್ನಾಗಿ ಗೊತ್ತಿದ್ದೂ ಕಿವುಡ ಅಭ್ಯರ್ಥಿಗಳು ಅಂಕ ಕಳೆದುಕೊಳ್ಳುವುದು ಇಂಥ ಪ್ರಶ್ನೆಗಳಲ್ಲಿ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಉತ್ತರ ಬರೆಯದೆ, ‘ಅಲ್ಲ’, ‘ಹೊರತು’, ‘ಮಾತ್ರ’, ‘ಆದರೂ’ ಇರುವ ಕಡೆಯೆಲ್ಲ ಬರೀ ಸುತ್ತು ಹಾಕುವ ಅಭ್ಯಾಸ ಮಾಡಿ. ಪರೀಕ್ಷೆಯಲ್ಲೂ ಮೊದಲು ಸುತ್ತು, ಆಮೇಲೆ ಉತ್ತರ. ಲಿಪಿಕಾರರ, ಅಂದರೆ ಉತ್ತರ ಬರೆದುಕೊಡುವವರ ಸಹಾಯ ಪಡೆಯದ, ಶೇ 40 ಅಥವಾ ಅದಕ್ಕಿಂತ ಹೆಚ್ಚು ದೋಷವಿರುವ ಅಭ್ಯರ್ಥಿಗಳಿಗೂ ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಹೆಚ್ಚಿನ ಸಮಯ ಕೊಡಬಹುದೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಅರ್ಜಿ ತುಂಬುವಾಗಲೇ ಕೇಳಿಕೊಳ್ಳಿ, ಪರೀಕ್ಷೆಯ ಬೆಳಿಗ್ಗೆ ಕೇಳಿದರೆ ಸಿಗುವುದು ಕಷ್ಟ.

ವಿಶೇಷ ಬಿ.ಎಡ್. ಸೇರಿದ್ದೇನೆ, ತೀವ್ರ ಶ್ರವಣದೋಷ ಇದೆ. ಪಾಠ ಅರ್ಧ ತಿಳಿಯುವುದಿಲ್ಲ. ಮಕ್ಕಳ ಉಚ್ಚಾರ ಪರೀಕ್ಷಿಸುವ ಪ್ರಾಯೋಗಿಕ ಕೆಲಸವೂ ಇದೆ, ಅದನ್ನು ನಾನು ಹೇಗೆ ಮಾಡಲಿ? ಬಿಟ್ಟುಬಿಡಲೇ ಅನ್ನಿಸುತ್ತಿದೆ.
— ಪ್ರಶಿಕ್ಷಣಾರ್ಥಿ, ಮೈಸೂರು

ಬಿಡಬೇಡಿ. ಮೊದಲು ಪಾಠದ ವಿಷಯ. ಬಾಯಿ ಮಾತಿನಲ್ಲಿ ಕೇಳಿಕೊಂಡದ್ದು ಮರೆತುಹೋಗುತ್ತದೆ, ಬರಹದಲ್ಲಿ ಕೊಟ್ಟದ್ದಕ್ಕೆ ಉತ್ತರ ಬರಲೇಬೇಕು. ಪ್ರಾಂಶುಪಾಲರಿಗೆ ಒಂದು ಪುಟದ ಮನವಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 16 ಪ್ರಕಾರ ವ್ಯಕ್ತಿಗೆ ತಕ್ಕ ಅನುಕೂಲ ಕಲ್ಪಿಸಿಕೊಡುವುದು ಶಿಕ್ಷಣ ಸಂಸ್ಥೆಯ ಹೊಣೆ ಎಂದು ಉಲ್ಲೇಖಿಸಿ. ‘ಸಹಾಯ ಮಾಡಿ’ ಎಂದಷ್ಟೇ ಬರೆದರೆ ಏನೂ ಆಗುವುದಿಲ್ಲ, ಬೇಕಾದ್ದನ್ನು ಬಿಡಿಸಿ ಕೇಳಿ. ಪಾಠದ ಟಿಪ್ಪಣಿ ಅಥವಾ ಸ್ಲೈಡು ಎರಡು ದಿನ ಮುಂಚೆ ಸಿಗಬೇಕು. ಉಪನ್ಯಾಸಕರ ಮುಖಕ್ಕೆ ಬೆಳಕು ಬೀಳಬೇಕು, ಕಿಟಕಿ ಅವರ ಬೆನ್ನ ಹಿಂದೆ ಇರಬಾರದು. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಮಾತಾಡಬಾರದು. ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಬೇಕಿದ್ದರೆ, ದೀರ್ಘ ತರಗತಿಗೆ ಇಬ್ಬರನ್ನು ಕೇಳಿ. 20 ನಿಮಿಷ ದಾಟಿದರೆ ಒಬ್ಬರ ಕೈ, ತಲೆ ಎರಡೂ ಸೋಲುತ್ತವೆ, ಅನುವಾದದಲ್ಲಿ ಬಿಟ್ಟುಹೋಗುವುದು ಹೆಚ್ಚುತ್ತದೆ.

ಇಂಟರ್‌ಪ್ರಿಟರ್ ಸಿಗುವವರೆಗೆ ಮೊಬೈಲಿನ ‘ಲೈವ್ ಟ್ರಾನ್ಸ್‌ಕ್ರೈಬ್’ ಆ್ಯಪ್ ಕನ್ನಡ ಮಾತನ್ನು ಅಕ್ಷರಕ್ಕೆ ಇಳಿಸುತ್ತದೆ. ಫೋನನ್ನು ನಿಮ್ಮ ಡೆಸ್ಕಿನ ಮೇಲಿಟ್ಟರೆ ಫ್ಯಾನಿನ ಸದ್ದಿನಲ್ಲಿ ಮಾತು ಕಳೆದುಹೋಗುತ್ತದೆ. ಉಪನ್ಯಾಸಕರ ಮೇಜಿನ ಮೇಲಿಡಿ, ಇಲ್ಲವೇ ಕಾಲರ್ ಮೈಕ್ ಜೋಡಿಸಿ. ಕನ್ನಡ–ಇಂಗ್ಲಿಷ್ ಬೆರೆಸಿ ಮಾತಾಡಿದಾಗ ಅದು ತಡವರಿಸುತ್ತದೆ, ಪಾರಿಭಾಷಿಕ ಪದಗಳನ್ನು ಅದರ ಮೇಲೆ ಬಿಡಬೇಡಿ.

ಇನ್ನು ಉಚ್ಚಾರದ ಪ್ರಾಯೋಗಿಕ. ನೇರವಾಗಿ ಹೇಳಬೇಕೆಂದರೆ, ಮಗುವಿನ ಉಚ್ಚಾರ ಎಷ್ಟು ಸ್ಪಷ್ಟವಾಗಿದೆ ಎಂದು ಕಿವಿಯಿಂದ ಅಳೆಯುವ ಕೆಲಸ ನಿಮ್ಮೊಬ್ಬರಿಂದ ಆಗುವುದಿಲ್ಲ. ಆದರೆ ಆ ಧ್ವನಿ ಹೇಗೆ ಹುಟ್ಟುತ್ತದೆ ಎಂದು ಮಗುವಿಗೆ ತೋರಿಸಿಕೊಡುವುದು ನಿಮಗೆ ಆಗುತ್ತದೆ. ‘ಪಡಿ, ಬಡಿ, ಮಡಿ’ ಈ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಕೈಗೆ ಹಾಗಲ್ಲ. ಗಂಟಲ ಮೇಲೆ ಬೆರಳಿಡಿ. ‘ಪ’ ಅನ್ನಲು ತುಟಿ ಮುಚ್ಚಿದಾಗ ಗಂಟಲು ಸುಮ್ಮನಿರುತ್ತದೆ, ತೆರೆದಾಗ ತುಟಿಯ ಮುಂದೆ ಹಿಡಿದ ತೆಳು ಕಾಗದ ತುಸು ಅಲುಗುತ್ತದೆ. ‘ಬ’ಗೆ ತುಟಿ ಮುಚ್ಚಿರುವಾಗಲೇ ಗಂಟಲು ನಡುಗುತ್ತದೆ. ‘ಮ’ಗೆ ಗಂಟಲಿನ ಜೊತೆ ಮೂಗಿನ ಪಕ್ಕವೂ ನಡುಗುತ್ತದೆ. ‘ತಾರ, ದಾರ, ನಾರ’ಕ್ಕೂ ಇದೇ ಕ್ರಮ. ಮಗುವಿನ ಒಂದು ಕೈ ನಿಮ್ಮ ಗಂಟಲ ಮೇಲೆ, ಇನ್ನೊಂದು ಅದರ ಗಂಟಲ ಮೇಲೆ, ಎದುರಿಗೆ ಕನ್ನಡಿ. ನಿಮ್ಮ ಧ್ವನಿಯೇ ಅಸ್ಪಷ್ಟವಾಗಿದ್ದರೆ ಮಾದರಿಗೆ ಸಹಪಾಠಿಯೊಬ್ಬರನ್ನು ಕೂರಿಸಿಕೊಂಡು ಪಾಠ ನೀವು ನಡೆಸಿ. ಅಂಕ ಹಾಕುವ ಭಾಗಕ್ಕೆ ಮಗುವಿನ ಮಾತಿನ ರೆಕಾರ್ಡಿಂಗ್ ಮಾಡಿ, ವಾಕ್ ತಜ್ಞರು ಗುರುತಿಸಿಕೊಟ್ಟ ತಪ್ಪುಗಳ ಮೇಲೆ ಮುಂದಿನ ಪಾಠದ ಯೋಜನೆ ನಾನು ಬರೆಯುತ್ತೇನೆ ಎಂದು ಬದಲಿ ಕೆಲಸ ಕೇಳಿ. ಇದನ್ನೂ ಆ ಮನವಿಯಲ್ಲೇ ಸೇರಿಸಿ, ಪರೀಕ್ಷೆ ಹತ್ತಿರ ಬಂದ ಮೇಲಲ್ಲ.

ಅಭ್ಯಾಸ ಪಾಠದಲ್ಲಿ ಇನ್ನೊಂದು ತೊಡಕಿದೆ. ನೀವು ಸನ್ನೆಯಲ್ಲಿ ಪಾಠ ಮಾಡುತ್ತೀರಿ, ಹಿಂದೆ ಕೂತ ಮೇಲ್ವಿಚಾರಕರಿಗೆ ಸನ್ನೆ ಬಾರದು, ಅಂಕ ಅಂದಾಜಿನ ಮೇಲೆ ಬೀಳುತ್ತದೆ. ಪಾಠದ ಯೋಜನೆಯಲ್ಲಿ ಪ್ರತಿ ಹಂತಕ್ಕೂ ನೀವು ಕೇಳುವ ಪ್ರಶ್ನೆ, ಮಕ್ಕಳಿಂದ ನಿರೀಕ್ಷಿಸುವ ಉತ್ತರ ಎರಡನ್ನೂ ಬರೆದು ಮುಂಚೆಯೇ ಕೊಡಿ. ಶಾಲೆಯ ಅನುಮತಿ ಪಡೆದು ಪಾಠವನ್ನು ವಿಡಿಯೊ ಮಾಡಿಸಿ. ನಿಮ್ಮ ಕೈಯೂ ಮಕ್ಕಳ ಕೈಯೂ ಕಾಣುವಂತೆ ಕ್ಯಾಮೆರಾ ಪಕ್ಕದಲ್ಲಿರಲಿ. ತಕರಾರು ಬಂದರೆ ಸನ್ನೆ ಬಲ್ಲವರಿಂದ ನೋಡಿಸಲು ಸಾಕ್ಷಿ ಇರುತ್ತದೆ.

ನಮ್ಮ ವಿಶೇಷ ಶಾಲೆಗೆ ಕಿವುಡ ಶಿಕ್ಷಕಿಯೊಬ್ಬರು ಬಂದಿದ್ದಾರೆ. ಮಕ್ಕಳು ಅವರನ್ನು ಬಿಟ್ಟು ಕದಲುವುದಿಲ್ಲ. ಆದರೆ ಬೆಳಿಗ್ಗೆ ಮಕ್ಕಳ ಕಿವಿ ಮೆಷಿನ್ ಪರೀಕ್ಷಿಸುವುದು ಅವರಿಂದ ಆಗುತ್ತಿಲ್ಲ. ಏನು ಮಾಡಬಹುದು?
— ಮುಖ್ಯ ಶಿಕ್ಷಕರು, ಮಂಡ್ಯ ಜಿಲ್ಲೆ

ಆ ಕೆಲಸದಲ್ಲಿ ಕಿವಿ ಬೇಕಾಗುವುದು ಒಂದೇ ಹಂತಕ್ಕೆ, ಸ್ಟೆತೋಕ್ಲಿಪ್, ಅಂದರೆ ಮೆಷಿನ್ನಿನ ಸದ್ದು ಕೇಳಿಸುವ ಸ್ಟೆತಸ್ಕೋಪಿನಂಥ ಸಾಧನ ಹಾಕಿ ಸದ್ದು ಒಡೆಯುತ್ತಿದೆಯೇ ಎಂದು ಕೇಳುವಾಗ. ಅದನ್ನು ಬೇರೆ ಶಿಕ್ಷಕರಿಗೆ ವಹಿಸಿ. ಉಳಿದದ್ದೆಲ್ಲ ಕಣ್ಣು, ಕೈಯ ಕೆಲಸ. ಬ್ಯಾಟರಿ ಟೆಸ್ಟರ್‌ನಲ್ಲಿ ಬ್ಯಾಟರಿ ನೋಡುವುದು. ಹೊಸದಾದರೆ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕುವುದು, ಕಿತ್ತ ತಕ್ಷಣ ಹಾಕಿದರೆ ಪೂರ್ತಿ ಶಕ್ತಿ ಬಂದಿರುವುದಿಲ್ಲ. ಕಿವಿಯೊಳಗೆ ಕೂರುವ ಅಚ್ಚಿನ, ಅಂದರೆ ಮೋಲ್ಡಿನ ತೂತಿನಲ್ಲಿ ಗುಗ್ಗೆ, ಟ್ಯೂಬಿನಲ್ಲಿ ನೀರ ಹನಿ ಇದೆಯೇ, ಟ್ಯೂಬು ಗಟ್ಟಿಯಾಗಿ ಹಳದಿ ತಿರುಗಿದೆಯೇ ನೋಡುವುದು. ಮೋಲ್ಡ್ ಸಡಿಲವಾದರೆ ಮೆಷಿನ್ ಕುಯ್ಯೆನ್ನುತ್ತದೆ, ಅದು ಅವರಿಗೆ ಕೇಳಿಸದು. ಆದರೆ ಬೆರಳಿನಿಂದ ಒತ್ತಿದಾಗ ಮೋಲ್ಡ್ ಅಲ್ಲಾಡುವುದು ಗೊತ್ತಾಗುತ್ತದೆ. ಬೆಳೆಯುವ ಮಕ್ಕಳ ಕಿವಿಗೆ ಮೋಲ್ಡ್ ಆಗಾಗ ಬದಲಿಸಲೇಬೇಕು.

ಕೊನೆಗೆ ಲಿಂಗ್ ಪರೀಕ್ಷೆ, ಅಂದರೆ ಮೆಷಿನ್ ಹಾಕಿದ ಮಗುವಿಗೆ ಮಾತಿನ ಸದ್ದುಗಳು ಕೇಳಿಸುತ್ತಿವೆಯೇ ಎಂದು ನೋಡುವುದು: ‘ಆ, ಈ, ಊ, ಮ್, ಶ್, ಸ್’ ಆರು ಧ್ವನಿಗಳು. ಹೇಳುವವರು ತುಟಿ ಕಾಣದಂತೆ ಮಗುವಿನ ಪಕ್ಕ ಅಥವಾ ಹಿಂದೆ ನಿಲ್ಲಲಿ, ಕೈಯನ್ನೋ ಕಾಗದವನ್ನೋ ಬಾಯಿಗೆ ಅಡ್ಡ ಹಿಡಿದರೆ ಧ್ವನಿ ಬದಲಾಗುತ್ತದೆ. ಧ್ವನಿ ಹೇಳುವುದು ಇನ್ನೊಬ್ಬ ಶಿಕ್ಷಕರು, ಕೇಳಿಸಿದ ಧ್ವನಿಗೆ ತಕ್ಕ ಚಿತ್ರವನ್ನು ಮಗು ತೋರಿಸಿದ್ದನ್ನು ನೋಡಿ ಗುರುತು ಹಾಕುವುದು ನಿಮ್ಮ ಹೊಸ ಶಿಕ್ಷಕಿ. ಮೊನ್ನೆ ತನಕ ‘ಶ್’ ಹಿಡಿಯುತ್ತಿದ್ದ ಮಗು ಇವತ್ತು ಹಿಡಿಯದಿದ್ದರೆ ಟ್ಯೂಬು, ಬ್ಯಾಟರಿ ನೋಡಿ, ಅವು ಸರಿಯಿದ್ದರೆ ಮಗುವನ್ನು ಕಿವಿ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಸಿಬ್ಬಂದಿ ಸಭೆಯಲ್ಲಿ ಅವರನ್ನು ಬರೀ ಕೂರಿಸಿ, ಆಮೇಲೆ ‘ಇಷ್ಟೇ ವಿಷಯ’ ಎಂದು ಎರಡು ಸಾಲು ಬರೆದು ಕೊಡುವ ಪದ್ಧತಿ ಹಲವು ಕಡೆ ಇದೆ. ಅಜೆಂಡಾ ಹಿಂದಿನ ದಿನವೇ ಕೊಡಿ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಲಿ, ಮಾತಾಡುವವರು ಕೈ ಎತ್ತಲಿ. ತೀರ್ಮಾನ ಆಗುವ ಮುಂಚೆ ಅವರ ಅಭಿಪ್ರಾಯ ಕೇಳಿ. ಕಿವುಡ ಮಕ್ಕಳಿಗೆ ಏನು ತಿಳಿಯುತ್ತಿಲ್ಲ, ಏಕೆ ತಿಳಿಯುತ್ತಿಲ್ಲ ಎಂದು ನಿಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ.